ತಗಡಿನೊಳಗಿನ ಶಿಲ್ಪ: ರಾಯಲಸೀಮೆಯ ಕೃಷ್ಣಾ ರೆಡ್ಡಿ ಮತ್ತು ‘ಅಮೂರ್ತ’ ಎಂಬ ನಮ್ಮ ಪದ

ನನ್ನ ಧ್ವನಿ ಕೇಳಿಸ್ತಿದೆ ಅನ್ಕೊಳ್ತೀನಿ. ನಾನು ಮಾತಾಡುತ್ತಿರುವುದು ಕಲ್ಯಾಣದುರ್ಗದ ನಮ್ಮ ಮನೆಯಿಂದ. ಹೊರಗಡೆ ಕಡಲೆಕಾಯಿ ಬಿಡಿಸುವ ಸದ್ದು ಕೇಳಿದರೆ ದಯವಿಟ್ಟು ಕ್ಷಮಿಸಿ, ಮ್ಯೂಟ್ ಮಾಡಿದರೆ ನಾನೂ ಮ್ಯೂಟ್ ಆಗಿಬಿಡ್ತೀನಿ.

ಈ ವಿಷಯ ಆರಿಸಿಕೊಂಡಾಗ ನನಗೆ ಬಂದ ಮೊದಲ ಪ್ರಶ್ನೆ: ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಒಬ್ಬ ತೆಲುಗು ಸೀಮೆಯ ಶಿಲ್ಪಿ ಯಾಕೆ? ಅದೂ ಪ್ಯಾರಿಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಬದುಕಿದವರು ಯಾಕೆ? ಕೇಳಿದವರು ಯಾರು ಅಂತ ಇಲ್ಲಿ ಬೇಡ. ಪ್ರಶ್ನೆ ತಪ್ಪೇನಲ್ಲ. ಆದರೆ ಅದನ್ನು ನಮ್ಮ ಕಡೆಯವರಿಗೆ ಕೇಳಿದರೆ ಸ್ವಲ್ಪ ನಗು ಬರುತ್ತೆ. ಮಡಕಶಿರಾ, ರಾಯದುರ್ಗ, ಹಿಂದೂಪುರ, ಕಲ್ಯಾಣದುರ್ಗ, ಈ ಸುತ್ತಿನಲ್ಲಿ ಮನೆಯೊಳಗೆ ಒಂದು ಭಾಷೆ, ಸಂತೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮೂರನೆಯದು. 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರ್ಪಡಿಸಿದರು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಈಚೆ ಉಳಿದೆವು. ಒಬ್ಬ ಕಲಾವಿದ ‘ಯಾರ ಕಡೆಯವನು’ ಅಂತ ಗಡಿರೇಖೆ ಹಿಡಿದು ಹೇಳೋ ಅಭ್ಯಾಸ ನಮಗೆ ಕಡಿಮೆ.

ಹಾಗಂತ ಸುಳ್ಳು ಸಂಬಂಧ ಹೇಳುವುದಿಲ್ಲ. ಕೃಷ್ಣಾ ರೆಡ್ಡಿಯವರು ಹಿಂದೂಪುರದವರಲ್ಲ. 1925ರ ಜುಲೈ 15ರಂದು ಅವರು ಹುಟ್ಟಿದ್ದು ಚಿತ್ತೂರು ಜಿಲ್ಲೆಯ ನಂದನೂರಿನಲ್ಲಿ. ಅದು ರಾಯಲಸೀಮೆಯ ಇನ್ನೊಂದು ತುದಿ. ಅವರು ಕನ್ನಡದಲ್ಲಿ ಏನೂ ಬರೆದವರಲ್ಲ. ನಾನು ಅವರ ಹತ್ತಿರ ಹೋದದ್ದು ಒಂದು ಕನ್ನಡ ಪದದ ದಾರಿಯಲ್ಲಿ. ಆ ಪದ ‘ಅಮೂರ್ತ’.

ನಮ್ಮ ಮನೆಯಲ್ಲಿ ಅಜ್ಜಿಯನ್ನು ಅವ್ವ ಅಂತಲೇ ಕರೆಯೋದು. ಅವ್ವನಿಗೆ ಒಂದು ದಿನ ಹೇಳಿದೆ, ನಾನು ಅಮೂರ್ತ ಶಿಲ್ಪದ ಬಗ್ಗೆ ಪ್ರಬಂಧ ಬರೀತಿದೀನಿ ಅಂತ. “ಮೂರ್ತಿನೇ ಇಲ್ದಿದ್ದ ಮೇಲೆ ಅದೆಂಥ ಶಿಲ್ಪನಪ್ಪಾ?” ಅಂದಳು. ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು, ಯಾಕಂದರೆ ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಮೂರ್ತಿ ಅಂದರೆ ನಮ್ಮಲ್ಲಿ ವಿಗ್ರಹ. ಮೂರ್ತ ಅಂದರೆ ಆಕಾರ ತಳೆದದ್ದು. ಹಾಗಾದರೆ ಅಮೂರ್ತ ಶಿಲ್ಪ ಅಂದರೆ ಆಕಾರವಿಲ್ಲದ ಆಕಾರ. ಕವಿತೆಯೊಂದು ಅರ್ಥವಾಗದಿದ್ದಾಗ ‘ತುಂಬಾ ಅಮೂರ್ತವಾಗಿದೆ’ ಅಂತ ನಾವು ತರಗತಿಯಲ್ಲಿ ಹೇಳ್ತೀವಲ್ಲ, ಅಲ್ಲೂ ಪದ ಕೆಲಸ ಮಾಡುವುದು ಹೀಗೇ, ಒಂದು ಕೊರತೆಯ ಹೆಸರಾಗಿ.

ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಆಬ್‌ಸ್ಟ್ರಾಕ್ಟ್ ಎಂಬ ಪದದ ಲ್ಯಾಟಿನ್ ಮೂಲ ಬೇರೆ. ಅಲ್ಲಿ ಅರ್ಥ ‘ಎಳೆದು ತೆಗೆದದ್ದು’. ಕಬ್ಬಿನಿಂದ ಹಾಲು ತೆಗೆದ ಹಾಗೆ. ಕಬ್ಬಿನ ಹಾಲಿನಲ್ಲಿ ಕಬ್ಬಿನ ಗೆಣ್ಣು ಕಾಣುವುದಿಲ್ಲ, ಆದರೆ ಕಬ್ಬಿಲ್ಲದೆ ಹಾಲಿಲ್ಲ. ನಮ್ಮ ಪದ ‘ಇಲ್ಲ’ ಅನ್ನುತ್ತದೆ, ಅವರ ಪದ ‘ಇದರಿಂದ’ ಅನ್ನುತ್ತದೆ. ಕೃಷ್ಣಾ ರೆಡ್ಡಿಯವರ ಕೃತಿಗಳ ಮುಂದೆ ಕೂತರೆ ಈ ವ್ಯತ್ಯಾಸ ಬರೀ ನಿಘಂಟಿನ ವಿಷಯ ಅಲ್ಲ ಅಂತ ಗೊತ್ತಾಗುತ್ತೆ.

ಮೊದಲು ಬದುಕಿನ ವಿವರ. ಬೇಗ ಹೇಳಿಬಿಡ್ತೀನಿ.

ಕೃಷಿಕ ಕುಟುಂಬ. ತಂದೆ ಊರ ಗುಡಿಗಳಿಗೆ ಶಿಲ್ಪ, ಭಿತ್ತಿಚಿತ್ರದ ಕೆಲಸವನ್ನೂ ಮಾಡುತ್ತಿದ್ದವರು. 1940ರ ದಶಕದ ಆರಂಭದಲ್ಲಿ ಹುಡುಗ ಶಾಂತಿನಿಕೇತನದ ಕಲಾಭವನಕ್ಕೆ ಹೋಗುತ್ತಾನೆ. ಅಲ್ಲಿ ನಂದಲಾಲ್ ಬೋಸ್ ಗುರು. ಕನ್ನಡದವರಿಗೆ ಇಲ್ಲೊಂದು ಹಳೆಯ ನಂಟು ಇದೆ: ನಂದಲಾಲರ ಜೊತೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತವರು ನಮ್ಮ ಕೆ. ವೆಂಕಟಪ್ಪ. ವೆಂಕಟಪ್ಪನವರನ್ನು ನಾವು ಜಲವರ್ಣದ ಊಟಿ ದೃಶ್ಯಗಳಿಗಾಗಿ ನೆನೆಯುತ್ತೇವೆ, ಆದರೆ ಅವರು ಮಾಡಿದ ಪ್ಲಾಸ್ಟರಿನ ಉಬ್ಬುಶಿಲ್ಪಗಳು ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಯಲ್ಲಿವೆ. ಚಿತ್ರಕ್ಕೂ ಶಿಲ್ಪಕ್ಕೂ ನಡುವೆ, ಅಂಗೈಯಷ್ಟು ದಪ್ಪದಲ್ಲಿ ನಡೆಯುವ ಒಂದು ಕಲೆ ಅದು. ಈ ‘ನಡುವೆ’ಯನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಕಲಾಭವನದ ಅಂಗಳದಲ್ಲಿ ಆಗ ರಾಮಕಿಂಕರ್ ಬೈಜ್ ಇದ್ದರು. 1938ರಲ್ಲಿ ಅವರು ಮಾಡಿದ ‘ಸಂತಾಲ ಕುಟುಂಬ’ ಬಯಲಲ್ಲೇ ನಿಂತಿತ್ತು. ಅಮೃತಶಿಲೆ ಇಲ್ಲ, ಕಂಚಿಲ್ಲ. ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ ಮಾಡಿದ್ದು. ದೇವರಲ್ಲದ, ರಾಜರಲ್ಲದ, ಗುಳೆ ಹೊರಟ ಒಂದು ಕುಟುಂಬ, ಜೊತೆಗೊಂದು ನಾಯಿ. ಅನಂತಪುರದ ಕಡೆಯವರಿಗೆ ಆ ಶಿಲ್ಪದ ಫೋಟೋ ತೋರಿಸಿದರೆ ವಿವರಣೆ ಬೇಕಾಗುವುದಿಲ್ಲ.

ವರ್ಷಗಳನ್ನು ಗಮನಿಸಿ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈ ವಿದ್ಯಾರ್ಥಿ ಭಾಗವಹಿಸಿದ್ದರು. 1943ರಲ್ಲಿ ಬಂಗಾಳದ ಕ್ಷಾಮ, ಸತ್ತವರ ಅಂದಾಜು 20ರಿಂದ 30 ಲಕ್ಷ. ಅದರ ನಡುವೆ ಅವರು ಕಲೆ ಕಲಿಯುತ್ತಿದ್ದರು. ಇದನ್ನು ಯಾಕೆ ಹೇಳ್ತೀನಿ ಅಂದರೆ, ಅಮೂರ್ತ ಕಲೆ ಅಂದರೆ ಲೋಕದ ಕಷ್ಟದಿಂದ ಓಡಿಹೋಗುವ ದಾರಿ ಅನ್ನೋ ಮಾತು ನಮ್ಮಲ್ಲಿ ತುಂಬ ಇದೆ. ಬಂಡಾಯದ ಕಾಲದ ವಿಮರ್ಶೆಯಲ್ಲಂತೂ ಅದು ತೀರ್ಪಿನ ಹಾಗೆ ಬರುತ್ತೆ. ಕೃಷ್ಣಾ ರೆಡ್ಡಿಯವರ ಜೀವನ ಆ ತೀರ್ಪಿಗೆ ಸರಿಹೊಂದಲ್ಲ.

1947ರಿಂದ 1949ರವರೆಗೆ ಮದರಾಸಿನ ಕಲಾಕ್ಷೇತ್ರದಲ್ಲಿ ಚಿತ್ರಕಲಾ ವಿಭಾಗದ ಮುಖ್ಯಸ್ಥರು. ಮದನಪಲ್ಲಿಯಲ್ಲಿ ಹುಟ್ಟಿದ ಜೆ. ಕೃಷ್ಣಮೂರ್ತಿಯವರ ಚಿಂತನೆ ಅವರ ಮೇಲೆ ಆಳವಾಗಿ ಬಿದ್ದಿತ್ತು. 1949ರಲ್ಲಿ ಲಂಡನ್ನಿಗೆ ಹೋಗಿ ಸ್ಲೇಡ್ ಶಾಲೆಯಲ್ಲಿ ಶಿಲ್ಪ ಕಲಿಯುತ್ತಾರೆ. ಹೆನ್ರಿ ಮೂರ್ ಬಳಿ ಕಲಿತರು ಎಂದು ಜೀವನಚಿತ್ರಗಳು ಹೇಳುತ್ತವೆ. ಮರುವರ್ಷ ಪ್ಯಾರಿಸ್. ಅಲ್ಲಿ ಓಸಿಪ್ ಜಾಡ್ಕಿನ್ ಬಳಿ ಶಿಲ್ಪ, ಬ್ರಾಂಕುಸಿಯವರ ಒಡನಾಟ. 1950ರ ದಶಕದ ಮಧ್ಯದಲ್ಲಿ ಮಿಲಾನಿನಲ್ಲಿ ಮಾರಿನೋ ಮರಿನಿ ಬಳಿ ಮತ್ತೆ ಶಿಲ್ಪ. ಒಬ್ಬ ಮನುಷ್ಯ ಮೂರು ದೇಶಗಳಲ್ಲಿ ಹುಡುಕಿಕೊಂಡು ಹೋಗಿ ಕಲಿತದ್ದು ಶಿಲ್ಪವನ್ನೇ. ಆದರೆ ಇವತ್ತು ಅವರ ಹೆಸರು ಹುಡುಕಿದರೆ ಮೊದಲು ಬರುವ ವಿಶೇಷಣ ‘ಪ್ರಿಂಟ್‌ಮೇಕರ್’, ಅಂದರೆ ಮುದ್ರಣ ಕಲಾವಿದ.

ನನ್ನ ವಾದ ಇಲ್ಲಿಂದ ಶುರುವಾಗುತ್ತೆ.

ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಇಂಗ್ಲಿಷ್ ಕಲಾವಿದ 1927ರಲ್ಲಿ ಒಂದು ಮುದ್ರಣ ಕಾರ್ಯಾಗಾರ ತೆಗೆದಿದ್ದರು. 1933ರಲ್ಲಿ ಅದು ಕಂಪಾನ್ಯ್ ಪ್ರೆಮಿಯೇರ್ ಬೀದಿಯ 17ನೇ ನಂಬರಿನ ಕಟ್ಟಡಕ್ಕೆ ಹೋದದ್ದರಿಂದ ‘ಅಟೆಲಿಯರ್ 17’ ಅಂತ ಹೆಸರಾಯಿತು. ಯುದ್ಧದ ಸಮಯದಲ್ಲಿ ನ್ಯೂಯಾರ್ಕಿಗೆ ಹೋಗಿ, 1950ರಲ್ಲಿ ಮತ್ತೆ ಪ್ಯಾರಿಸ್ಸಿಗೆ ಬಂತು. ಕೃಷ್ಣಾ ರೆಡ್ಡಿ ಅಲ್ಲಿಗೆ ಸೇರಿದ್ದು ಹೇಟರ್ ವಾಪಸ್ ಬಂದ ಹೊಸತರಲ್ಲಿ. 1960ರ ದಶಕದ ಮಧ್ಯಕ್ಕೆ ಅದರ ಸಹನಿರ್ದೇಶಕರೇ ಆದರು. ಅಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ, ಒಂದೇ ಪ್ರೆಸ್ಸಿನಲ್ಲಿ ಕೆಲಸ ಮಾಡುವುದು. ಯಾರೋ ಒಬ್ಬರು ಕಂಡುಕೊಂಡದ್ದು ಮರುದಿನ ಎಲ್ಲರದೂ ಆಗುತ್ತಿತ್ತು. ಹಾಗಾಗಿ ಬಣ್ಣದ ಮುದ್ರಣದ ಹೊಸ ವಿಧಾನವನ್ನು ‘ಒಬ್ಬರೇ ಕಂಡುಹಿಡಿದರು’ ಅಂತ ಹೇಳುವುದು ಸರಿಯಲ್ಲ. ಹೇಟರ್, ಮುಂಬೈಯಿಂದ ಬಂದಿದ್ದ ಕೈಕೋ ಮೋತಿ, ಕೃಷ್ಣಾ ರೆಡ್ಡಿ, ಇವರೆಲ್ಲ ಸೇರಿ ಬೆಳೆಸಿದ್ದು. ಅದನ್ನು ಅತಿ ಆಳಕ್ಕೆ ಒಯ್ದವರು ಕೃಷ್ಣಾ ರೆಡ್ಡಿ. ಆಳಕ್ಕೆ ಅನ್ನೋದನ್ನ ಅಕ್ಷರಶಃ ತಗೊಳ್ಳಿ.

ಆ ವಿಧಾನ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ತುಂಬ ದಿನ ಹಿಡೀತು. ಕೊನೆಗೆ ಅರ್ಥವಾದದ್ದು ನಮ್ಮ ಶಾಸನಶಾಸ್ತ್ರದ ಪತ್ರಿಕೆಯಿಂದ.

ಹೋದ ವರ್ಷ ನಮಗೆ ಶಾಸನದ ಪಡಿಯಚ್ಚು ತೆಗೆಯುವುದನ್ನು ಹೇಳಿಕೊಟ್ಟರು, ಇಲ್ಲಿರುವ ಕೆಲವರು ನನ್ನ ಜೊತೆ ಇದ್ದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಕುಟ್ಟುತ್ತಾ ಹೋದರೆ ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಆಮೇಲೆ ಮಸಿ ತಟ್ಟಿದರೆ ಮೇಲ್ಮೈ ಕಪ್ಪಾಗಿ, ಹಳ್ಳದಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇಲ್ಲಿ ಮಸಿ ಹಿಡಿಯುವುದು ಮೇಲ್ಮೈ.

ತಾಮ್ರದ ತಗಡಿನ ಕೊರೆಮುದ್ರಣದಲ್ಲಿ ಇದು ತಿರುವುಮುರುವು. ತಗಡನ್ನು ಉಳಿಯಿಂದ ಗೀರುತ್ತಾರೆ ಅಥವಾ ಆಮ್ಲದಿಂದ ತಿನ್ನಿಸುತ್ತಾರೆ. ಗೀರಿನೊಳಗೆ ಮಸಿ ತುಂಬಿ ಮೇಲ್ಮೈ ಒರೆಸಿಬಿಡುತ್ತಾರೆ. ಒದ್ದೆ ಕಾಗದವನ್ನು ಇಟ್ಟು, ಮೇಲೆ ಉಣ್ಣೆಯ ದಪ್ಪ ಬಟ್ಟೆ ಹಾಸಿ, ಪ್ರೆಸ್ಸಿನ ಉರುಳೆಗಳ ನಡುವೆ ಹಾಯಿಸಿದರೆ ಕಾಗದ ಗೀರಿನೊಳಗೆ ನುಗ್ಗಿ ಮಸಿಯನ್ನು ಎತ್ತಿಕೊಂಡು ಬರುತ್ತದೆ. ಇಲ್ಲಿ ಮಸಿ ಹಿಡಿಯುವುದು ಹಳ್ಳ. ನಮ್ಮ ತಾಮ್ರಶಾಸನಗಳನ್ನು ಬರೆದ ಅಕ್ಕಸಾಲಿ ಒಂದು ದಿನ ಮನಸ್ಸು ಮಾಡಿ ಅದಕ್ಕೆ ಮಸಿ ತುಂಬಿ ಕಾಗದ ಒತ್ತಿದ್ದರೆ ಅದೇ ಆಗುತ್ತಿತ್ತು. ಅಕ್ಷರ ಮಾತ್ರ ಉಲ್ಟಾ ಬೀಳುತ್ತಿತ್ತು.

ಈಗ ಬಣ್ಣ. ಹಳೆಯ ಕ್ರಮದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ತಗಡು, ಪ್ರತಿ ಸಲವೂ ಕಾಗದವನ್ನು ಅದೇ ಜಾಗಕ್ಕೆ ಕೂಡಿಸಬೇಕು. ಅಟೆಲಿಯರ್ 17ರಲ್ಲಿ ಹುಡುಕಿದ್ದು ಒಂದೇ ತಗಡಿನಿಂದ, ಒಂದೇ ಸಲಕ್ಕೆ, ಹಲವು ಬಣ್ಣ. ಅದಕ್ಕೆ ಎರಡು ಉಪಾಯ. ಒಂದು, ತಗಡನ್ನು ಬೇರೆ ಬೇರೆ ಆಳಕ್ಕೆ ಕೆತ್ತುವುದು. ಗಟ್ಟಿ ರೋಲರ್ ಉರುಳಿಸಿದರೆ ಅದು ಎತ್ತರದ ಜಾಗವನ್ನಷ್ಟೇ ಮುಟ್ಟುತ್ತದೆ. ಮೆತ್ತನೆಯ ರೋಲರ್ ತಗ್ಗಿಗೂ ಇಳಿಯುತ್ತದೆ. ಎರಡನೆಯದು, ಮಸಿಗಳ ಜಿಗುಟು. ಅಗಸೆ ಎಣ್ಣೆ ಹೆಚ್ಚು ಬೆರೆಸಿದ ತೆಳು ಮಸಿಯನ್ನು ಮೊದಲು ಗಟ್ಟಿ ರೋಲರಿನಿಂದ ಹಚ್ಚಿ, ಆಮೇಲೆ ಎಣ್ಣೆ ಕಡಿಮೆಯ ಗಟ್ಟಿ ಮಸಿಯನ್ನು ಮೆತ್ತನೆಯ ರೋಲರಿನಿಂದ ಉರುಳಿಸಿದರೆ, ಎರಡನೆಯದು ಮೊದಲನೆಯದರ ಮೇಲೆ ಕೂರುವುದಿಲ್ಲ. ಬರೀ ತಗ್ಗಿಗೆ ಹೋಗಿ ಕೂರುತ್ತದೆ. ಬಣ್ಣ ಕಲಸಿಹೋಗುವುದಿಲ್ಲ.

ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ತೀವಲ್ಲ, ಅಷ್ಟೇ ಸಂಗತಿ. ಎಣ್ಣೆ ಇರುವಲ್ಲಿ ಅಂಟು ಹಿಡಿಯುವುದಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ, “ಇದಕ್ಕೆ ಪ್ಯಾರಿಸ್‌ಗೆ ಹೋಗ್ಬೇಕಾಗಿತ್ತಾ” ಅಂದಳು.

ಕೃಷ್ಣಾ ರೆಡ್ಡಿ ತಗಡನ್ನು ಹೇಗೆ ನೋಡಿದರು ಅನ್ನೋದು ಮುಖ್ಯ. ಬೇರೆಯವರಿಗೆ ತಗಡು ಅಂದರೆ ಮಸಿ ಹೊರುವ ಹಾಳೆ. ಇವರು ಅದನ್ನು ಕಲ್ಲಿನ ಹಾಗೆ ಕಡಿದರು. ಉಳಿ, ಹೆರೆಯುವ ಸಲಕರಣೆಗಳು, ಯಂತ್ರದಿಂದ ತಿರುಗುವ ಸಣ್ಣ ಚಕ್ರಗಳು, ಆಮ್ಲ, ಎಲ್ಲ ಬಳಸಿ ಕೆಲವು ಮಿಲಿಮೀಟರ್ ದಪ್ಪದ ಲೋಹದೊಳಗೆ ಇಳಿಜಾರು, ಕಣಿವೆ, ದಿಣ್ಣೆ ಮಾಡಿದರು. ಒಂದೊಂದು ತಗಡಿಗೆ ತಿಂಗಳುಗಟ್ಟಲೆ. ಬಣ್ಣವನ್ನು ಅವರು ಆರಿಸುತ್ತಿದ್ದರು ನಿಜ, ಆದರೆ ಯಾವ ಬಣ್ಣ ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಕೆತ್ತನೆಯ ಆಳ. ಅಂದರೆ ಚಿತ್ರದ ಬಣ್ಣವನ್ನು ನಿರ್ಧರಿಸಿದ್ದು ಶಿಲ್ಪ. ಮುದ್ರಣ ಮುಗಿದ ಮೇಲೆ ಕಾಗದವೂ ಚಪ್ಪಟೆಯಾಗಿ ಉಳಿಯುವುದಿಲ್ಲ, ತಗಡಿನ ತಗ್ಗಿರುವಲ್ಲಿ ಅದು ಉಬ್ಬಿರುತ್ತದೆ. ವೆಂಕಟಪ್ಪನವರ ಉಬ್ಬುಶಿಲ್ಪವನ್ನು ಆಗ ನೆನಪಲ್ಲಿಡಿ ಅಂದದ್ದು ಇದಕ್ಕೇ.

ನಮ್ಮ ಬೀದಿಗೆ ನಾನು ಚಿಕ್ಕವನಿದ್ದಾಗ ಒಬ್ಬ ಬರುತ್ತಿದ್ದ. ಒರಳುಕಲ್ಲು ಸವೆದು ನುಣುಪಾದಾಗ ಅದರ ಮೈಯನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವವನು. ಗಂಟೆಗಟ್ಟಲೆ ಒಂದೇ ತಾಳದಲ್ಲಿ ಕುಟ್ಟುತ್ತಿದ್ದ. ನೋಡಿದರೆ ಏನೂ ಚಿತ್ರವಿಲ್ಲ, ಬರೀ ಚುಕ್ಕಿ. ಆದರೆ ಎಷ್ಟು ಆಳದ ಚುಕ್ಕಿ, ಎಷ್ಟು ಒತ್ತೊತ್ತು ಅನ್ನೋದರ ಮೇಲೆ ಹಿಟ್ಟು ನುಣ್ಣಗಾಗುವುದೋ ತರಿಯಾಗುವುದೋ ಅಂತ ನಿಂತಿರುತ್ತಿತ್ತು. ಕೃಷ್ಣಾ ರೆಡ್ಡಿಯವರ ತಗಡುಗಳ ದೊಡ್ಡ ಫೋಟೋ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಹೆನ್ರಿ ಮೂರ್ ಅಲ್ಲ, ಆ ಮನುಷ್ಯ. ಇದು ಸಂಶೋಧನೆಯ ಮಾತಲ್ಲ ಅಂತ ಗೊತ್ತು. ಆದರೂ ಇರಲಿ ಅಂತ ಪ್ರಬಂಧದಲ್ಲಿ ಉಳಿಸಿಕೊಂಡಿದ್ದೇನೆ.

[ಇಲ್ಲಿ ಸಂಪರ್ಕ ಕಡಿದು, ಕೆಲವು ನಿಮಿಷಗಳ ನಂತರ ಮುಂದುವರಿಯಿತು.]

ಕ್ಷಮಿಸಿ, ಕರೆಂಟ್ ಹೋಯ್ತು. ಕೃತಿಗಳಿಗೆ ಬರ್ತೀನಿ.

1952ರಲ್ಲಿ ‘ಕೀಟ’ ಮತ್ತು ‘ಮೀನು’, 1955ರಲ್ಲಿ ‘ಲೋಳೆಮೀನು’, 1963ರ ಹೊತ್ತಿಗೆ ‘ಸುಳಿ’, ‘ಅಲೆ’. ಹೆಸರುಗಳನ್ನು ಕನ್ನಡಕ್ಕೆ ತಂದದ್ದು ನಾನು. ಹೆಸರಲ್ಲೇ ನೋಡಿ, ಎಲ್ಲವೂ ಕಣ್ಣಿಗೆ ಕಂಡ ವಸ್ತುಗಳೇ. ‘ಸುಳಿ’ಯಲ್ಲಿ ನೀರಿನ ಚಿತ್ರ ಇಲ್ಲ. ಗೆರೆಗಳ ಒಂದು ಬಲೆ, ಅದು ಒಂದು ಕೇಂದ್ರದ ಕಡೆ ಎಳೆದುಕೊಂಡು ಹೋಗುತ್ತಿದೆ. ಅಂಚಿನಲ್ಲಿ ಸಡಿಲ, ನಡುವೆ ಬಿಗಿ. ನೀರಿನ ಹೊರಮೈ ಬಿಟ್ಟು ನೀರಿನೊಳಗೆ ಕೆಲಸ ಮಾಡುವ ಎಳೆತವನ್ನು ಮಾತ್ರ ತೆಗೆದಿದ್ದಾರೆ. ಆಗ ಹೇಳಿದೆನಲ್ಲ, ಕಬ್ಬಿನ ಹಾಲು.

ಇದನ್ನು ‘ಅಮೂರ್ತ’ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ಆಕಾರ ಕಡಿಮೆಯಾಗಿಲ್ಲ, ನಿಂತ ಆಕಾರದ ಬದಲು ಚಲಿಸುವ ಆಕಾರ ಬಂದಿದೆ. ಹೀಗೆ ಹೇಳಿದ ತಕ್ಷಣ ನಮ್ಮಲ್ಲಿ ಯಾರಾದರೂ ‘ಸ್ಥಾವರ, ಜಂಗಮ’ ಅಂದೇ ಅಂತಾರೆ. ನಾನೂ ನನ್ನ ಮೊದಲ ಕರಡಿನಲ್ಲಿ ಅಂದಿದ್ದೆ. ಎರಡು ಪುಟ ಬಸವಣ್ಣ, ಒಂದು ಪುಟ ಅಲ್ಲಮನ ಬಯಲು. ಆಮೇಲೆ ತೆಗೆದುಹಾಕಿದೆ. ಆ ಪರಿಭಾಷೆಯಿಂದ ಸಹಾಯ ಆಗಲ್ಲ ಅಂತಲ್ಲ. ಆದರೆ ಏನೇ ಹೊಸತು ಕಂಡರೂ ವಚನಕಾರರು ಆಗಲೇ ಹೇಳಿದ್ದರು ಅನ್ನೋದು ನಮ್ಮ ಕನ್ನಡ ವಿಭಾಗಗಳ ಒಂದು ಸೋಮಾರಿ ಚಟ. ಅದರಿಂದ ವಚನಕ್ಕೂ ಲಾಭವಿಲ್ಲ, ತಗಡಿಗೂ ಇಲ್ಲ. ಪ್ಯಾರಿಸ್ಸಿನ ಕಾರ್ಯಾಗಾರದಲ್ಲಿ ಆಮ್ಲದ ವಾಸನೆಯ ನಡುವೆ ವರ್ಷಗಟ್ಟಲೆ ಮಾಡಿದ ಪ್ರಯೋಗವನ್ನು ಹನ್ನೆರಡನೇ ಶತಮಾನದ ಖಾತೆಗೆ ಜಮಾ ಮಾಡುವುದು ನ್ಯಾಯವಲ್ಲ.

ಇನ್ನೊಂದು ಸುಲಭದ ದಾರಿ ಲೇಪಾಕ್ಷಿ. ಅದನ್ನೂ ಪ್ರಯತ್ನಿಸಿದೆ, ಒಪ್ಕೊಳ್ತೀನಿ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ರಾಯಲಸೀಮೆಯ ಶಿಲ್ಪಿ ಅಂದಮೇಲೆ ರಾಯಲಸೀಮೆಯ ಗುಡಿಯಿಂದಲೇ ಬಂದಿರಬೇಕು ಅಂತ ನೋಟ್‌ಬುಕ್ ಹಿಡಿದು ಹೋದೆ. ವೀರಭದ್ರ ದೇವಸ್ಥಾನ, ಹದಿನಾರನೇ ಶತಮಾನದ್ದು, ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ್ದು. ಅಲ್ಲಿ ಕನ್ನಡ ಶಾಸನಗಳಿವೆ, ಅದನ್ನು ಓದುವಾಗ ಆಗುವ ಖುಷಿ ಗಡಿಯಲ್ಲಿ ಬೆಳೆದವರಿಗೆ ಗೊತ್ತು. ನಂದಿ ಒಂದೇ ಬಂಡೆಯದು, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ಏಳು ಹೆಡೆಯ ನಾಗ. ಎಲ್ಲವೂ ಪೂರ್ಣ, ಎಲ್ಲವೂ ಮೂರ್ತ. ನಾನು ಹುಡುಕುತ್ತಿದ್ದದ್ದು ಒಂದೂ ಸಿಗಲಿಲ್ಲ. ನಂದನೂರಿನ ಹುಡುಗ ಇದನ್ನು ನೋಡಿದ್ದಕ್ಕೆ ನನ್ನ ಬಳಿ ಆಧಾರವೂ ಇಲ್ಲ.

ಬಿಸಿಲು ಜಾಸ್ತಿಯಾಗಿ ಹಿಂದಿನ ಕಲ್ಯಾಣಮಂಟಪದ ಕಡೆ ಹೋಗಿ ಕೂತೆ. ಅದು ಅರ್ಧಕ್ಕೆ ನಿಂತ ಕಟ್ಟಡ, ಕಂಬಗಳಿವೆ, ಮೇಲೆ ಸೂರಿಲ್ಲ. ರಾಜನ ಹಣ ಖರ್ಚು ಮಾಡಿದನೆಂಬ ದೂರು ಬಂದು ವಿರೂಪಣ್ಣ ತನ್ನ ಕಣ್ಣನ್ನು ತಾನೇ ಕಿತ್ತುಕೊಂಡ ಅನ್ನೋ ಕಥೆಯನ್ನು ಗೈಡು ಯಾರಿಗೋ ತೆಲುಗಿನಲ್ಲೂ ಕನ್ನಡದಲ್ಲೂ ಸೇರಿಸಿ ಹೇಳುತ್ತಿದ್ದ. ಹೊರಗಿನ ಬಂಡೆಯ ಮೈಯಲ್ಲಿ ತಟ್ಟೆಯ ಹಾಗೆ ಗುಂಡಗೆ ಕೊರೆದ ತಗ್ಗುಗಳಿವೆ. ಕೆಲಸಗಾರರು ಉಣ್ಣುತ್ತಿದ್ದ ತಟ್ಟೆಗಳು ಅಂತ ಗೈಡು ಅಂದ. ಬಣ್ಣ ಕಲಸುವುದಕ್ಕೆ ಅಂತ ಇನ್ನೊಬ್ಬ ಅಂದ. ಅದು ಯಾವುದೇ ಆಗಿರಲಿ, ಅವು ಮೂರ್ತಿಯಲ್ಲ. ಯಾರೂ ಕೈಮುಗಿಯುವುದಿಲ್ಲ. ಕೆಲಸದ ಸಲುವಾಗಿ ಕಲ್ಲಿನಲ್ಲಿ ಮಾಡಿದ ಆಳ ಅಷ್ಟೇ. ಮಳೆ ಬಂದು ಎರಡರಲ್ಲಿ ನೀರು ನಿಂತಿತ್ತು, ಉಳಿದವು ಒಣಗಿದ್ದವು. ಒಂದೊಂದು ಆಳಕ್ಕೆ ಒಂದೊಂದು ಬಣ್ಣ.

ಆ ದಿನ ನನಗೆ ಅನ್ನಿಸಿದ್ದು ಇಷ್ಟು: ಕೃಷ್ಣಾ ರೆಡ್ಡಿಯವರಿಗೆ ‘ಭಾರತೀಯ ಬೇರು’ ಹುಡುಕುವವರು ವಿಗ್ರಹಗಳ ಕಡೆ ನೋಡುತ್ತಾರೆ. ನೋಡಬೇಕಾದದ್ದು ವಿಗ್ರಹ ಮಾಡಿದ ಕೈಯ ಅಭ್ಯಾಸದ ಕಡೆ. ತಂದೆ ಗುಡಿಗೆ ಕೆಲಸ ಮಾಡುವುದನ್ನು ನೋಡಿ ಬೆಳೆದ ಮಗನಿಗೆ ದಾಟಿ ಬರುವುದು ದೇವರ ಆಕಾರ ಒಂದೇ ಅಲ್ಲ, ಉಳಿ ಹಿಡಿದು ದಿನಗಟ್ಟಲೆ ಕೂರುವ ತಾಳ್ಮೆಯೂ ಬರುತ್ತದೆ. ಆಕಾರವನ್ನು ಅವರು ಬಿಟ್ಟುಕೊಟ್ಟರು, ಉಳಿ ಬಿಡಲಿಲ್ಲ.

ಕಲ್ಲಿನಲ್ಲೂ ಅವರು ಕೆಲಸ ಮಾಡಿದ್ದಾರೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. 1959ರಲ್ಲಿ ಆಸ್ಟ್ರಿಯಾದ ಸೇಂಟ್ ಮಾರ್ಗರೆಥನ್ ಕಲ್ಲುಗಣಿಯಲ್ಲಿ ಕಾರ್ಲ್ ಪ್ರಾಂಟ್ಲ್ ಎಂಬ ಶಿಲ್ಪಿ ಒಂದು ಪದ್ಧತಿ ಶುರುಮಾಡಿದರು. ಬೇರೆ ಬೇರೆ ದೇಶದ ಶಿಲ್ಪಿಗಳು ಒಂದೆಡೆ ಬಿಡಾರ ಹೂಡಿ, ಅಲ್ಲೇ ಕಲ್ಲು ಕಡಿದು, ಕೃತಿಯನ್ನು ಬಯಲಲ್ಲೇ ಬಿಟ್ಟು ಬರುವುದು. ಈಗ ನಮ್ಮ ಅಕಾಡೆಮಿಗಳು ನಡೆಸುವ ಶಿಲ್ಪ ಶಿಬಿರಗಳಿಗೆ ಅದು ಒಂದು ರೀತಿಯಲ್ಲಿ ಹಿರಿಯಣ್ಣ. 1960ರ ದಶಕದ ಮೊದಲರ್ಧದಲ್ಲಿ ಕೃಷ್ಣಾ ರೆಡ್ಡಿ ಇಂಥ ಶಿಬಿರಗಳಲ್ಲಿ ದುಡಿದರು. 1964ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೌಂಟ್ ರಾಯಲ್ ಉದ್ಯಾನದಲ್ಲಿ ನಡೆದ ಶಿಬಿರದಲ್ಲೂ ಇದ್ದರು. ಆದರೆ ಬಯಲಿನ ದೊಡ್ಡ ಕಲ್ಲುಗಳಿಗಿಂತ ತಗಡೇ ಅವರನ್ನು ಹೆಚ್ಚು ಹಿಡಿದಿಟ್ಟುಕೊಂಡಿತು.

1968ಕ್ಕೆ ಬರೋಣ. ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ವಿದ್ಯಾರ್ಥಿಗಳು. ಆ ವರ್ಷ ಅವರು ಮಾಡಿದ ಕೃತಿ ‘ಪ್ರತಿಭಟನಾಕಾರರು’. ಒತ್ತೊತ್ತಾಗಿ ನಿಂತ ಮನುಷ್ಯಾಕಾರಗಳು. ಒಬ್ಬರ ಮೈ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಯಿತು ಅಂತ ಹೇಳೋಕಾಗಲ್ಲ. ಮುಖಗಳಿಲ್ಲ. ಇದೇ ವಸ್ತುವಿನ ಮೇಲೆ ಶಿಲ್ಪವನ್ನೂ ಮಾಡಿದ್ದಾರೆ. 1942ರಲ್ಲಿ ಚಳವಳಿಗೆ ಇಳಿದ ವಿದ್ಯಾರ್ಥಿ 43ನೇ ವಯಸ್ಸಿನಲ್ಲಿ ಬೇರೊಂದು ದೇಶದ ವಿದ್ಯಾರ್ಥಿಗಳನ್ನು ನೋಡಿದ್ದು ಹೀಗೆ. ಬೋರ್ಡು ಹಿಡಿದ ಕೈ, ಘೋಷಣೆ ಕೂಗುವ ಬಾಯಿ ಬಿಡಿಸಿದ್ದರೆ ಅದು ಆ ತಿಂಗಳ ಪೋಸ್ಟರ್ ಆಗುತ್ತಿತ್ತು. ಇಲ್ಲಿ ಉಳಿದಿರುವುದು ಗುಂಪಿನಲ್ಲಿ ನಿಂತಾಗ ಭುಜಕ್ಕೆ ಭುಜ ತಾಗುವ ಒತ್ತಡ. ಪ್ರತಿಭಟನೆಯಲ್ಲಿ ನಿಂತವರಿಗೆ ಅದು ಗೊತ್ತಿರುತ್ತದೆ. ಬರದ ವರ್ಷ ಕಲ್ಯಾಣದುರ್ಗದ ತಾಲ್ಲೂಕು ಆಫೀಸಿನ ಮುಂದೆ ನಮ್ಮಪ್ಪನ ಹೆಗಲ ಮೇಲೆ ಕೂತು ನಾನು ನೋಡಿದ್ದು ಒಬ್ಬೊಬ್ಬ ರೈತನನ್ನಲ್ಲ, ಒಂದು ದೊಡ್ಡ ಮೈಯನ್ನು.

1972ರಲ್ಲಿ ಪದ್ಮಶ್ರೀ ಬಂತು. 1976ರಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮುದ್ರಣಕಲೆ ಕಲಿಸಿದರು. ಮಗಳ ಜೊತೆ ಸರ್ಕಸ್ಸಿಗೆ ಹೋದದ್ದರಿಂದ ಹುಟ್ಟಿದ ‘ಮಹಾ ವಿದೂಷಕ’ 1980ರ ದಶಕದ ದೊಡ್ಡ ಕೃತಿ. ಅದೇ ತಗಡಿನಿಂದ ಬೇರೆ ಬೇರೆ ಬಣ್ಣದಲ್ಲಿ ತೆಗೆದ ಎಷ್ಟೋ ಮುದ್ರಣಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. 1988ರಲ್ಲಿ ತಮ್ಮ ವಿಧಾನದ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಗುಟ್ಟು ಮುಚ್ಚಿಡಲಿಲ್ಲ, ಮಸಿಗೆ ಎಣ್ಣೆ ಎಷ್ಟು, ರೋಲರ್ ಎಷ್ಟು ಗಟ್ಟಿ, ಎಲ್ಲ ಬರೆದಿಟ್ಟರು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹೇಟರ್, ಕೃಷ್ಣಾ ರೆಡ್ಡಿ, ಜರೀನಾ ಹಾಶ್ಮಿ ಮೂವರ ಕೃತಿಗಳನ್ನು ಒಟ್ಟಿಗೆ ತೋರಿಸಿತು. 2018ರ ಆಗಸ್ಟ್ 22ರಂದು ಅವರು ತೀರಿಕೊಂಡರು. 93 ವರ್ಷ.

ನನ್ನ ಸಮಯ ಮುಗಿದಿದೆ ಅಂತ ಚಾಟ್‌ನಲ್ಲಿ ಬರ್ತಿದೆ. ಪ್ರಶ್ನೆಗಳಿದ್ದರೆ ದಯವಿಟ್ಟು.

[ಚರ್ಚೆಯಿಂದ ಎರಡು ಪ್ರಶ್ನೆಗಳನ್ನು ಇಲ್ಲಿ ಉಳಿಸಿಕೊಳ್ಳಲಾಗಿದೆ.]

ಒಬ್ಬ ಅಧ್ಯಾಪಕರು: ನಿಮ್ಮ ವಾದ ಚೆನ್ನಾಗಿದೆ. ಆದರೆ ಶಿಲ್ಪ ಅಂದರೆ ಸುತ್ತ ತಿರುಗಿ ನೋಡುವಂಥದ್ದು. ಗೋಡೆಗೆ ತೂಗುಹಾಕುವ ಕಾಗದವನ್ನು ಶಿಲ್ಪ ಅಂತ ಕರೆದರೆ ಪದದ ಅರ್ಥವೇ ಸಡಿಲವಾಗಲ್ವೇ?

ಉತ್ತರ: ಆಗುತ್ತೆ ಸರ್, ಸ್ವಲ್ಪ ಆಗುತ್ತೆ. ಆದರೆ ನಮ್ಮ ಗುಡಿಗಳ ಶಿಲ್ಪದಲ್ಲಿ ಬಹುಪಾಲು ಗೋಡೆಗೇ ಅಂಟಿಕೊಂಡಿದೆ, ಸುತ್ತ ತಿರುಗಿ ನೋಡೋಕಾಗಲ್ಲ. ವೀರಗಲ್ಲನ್ನೂ ನಾವು ಒಂದೇ ಕಡೆಯಿಂದ ನೋಡ್ತೀವಿ. ಅದನ್ನು ಚಿತ್ರ ಅನ್ನಲ್ಲ. ಕಾಗದವೇ ಶಿಲ್ಪ ಅಂತ ನಾನು ಹಟ ಹಿಡಿಯಲ್ಲ ಸರ್, ತಗಡು ಶಿಲ್ಪ, ಕಾಗದ ಅದರ ಪಡಿಯಚ್ಚು ಅಂತೀನಿ. ಶಾಸನ ಓದುವಾಗ ನಾವೆಲ್ಲ ನೋಡೋದು ಪಡಿಯಚ್ಚನ್ನೇ, ಆದರೆ ಶಾಸನ ಕಲ್ಲಿನಲ್ಲಿದೆ ಅಂತಲೇ ಹೇಳ್ತೀವಿ.

ಒಬ್ಬ ಸಹಪಾಠಿ: ಹಾಗಾದ್ರೆ ‘ಅಮೂರ್ತ’ ಬಿಟ್ಟು ಯಾವ ಪದ ಬಳಸ್ಬೇಕು ಅಂತೀಯಾ?

ಉತ್ತರ: ಗೊತ್ತಿಲ್ಲ ಕಣೋ. ‘ಸಾರರೂಪ’ ಅಂತ ಒಂದು ಕಡೆ ಬರೆದೆ, ಓದಿದರೆ ಆಯುರ್ವೇದದ ಔಷಧಿ ಹೆಸರಿನ ಹಾಗಿದೆ. ಈಗ ಪ್ರಬಂಧದಲ್ಲಿ ‘ಅಮೂರ್ತ’ ಅಂತಲೇ ಇಟ್ಟಿದೀನಿ, ಮೊದಲ ಸಲ ಬಂದಾಗ ಒಂದು ಪ್ಯಾರಾ ವಿವರಣೆ ಕೊಟ್ಟಿದೀನಿ. ಅವ್ವನಿಗೆ ‘ಸುಳಿ’ಯ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ, ಹೆಸರು ಹೇಳಲಿಲ್ಲ. ಸುಮಾರು ಹೊತ್ತು ನೋಡಿ, “ಬಾವಿಯೊಳಗೆ ಕೊಡ ಬಿಟ್ಟಾಗ ಹಿಂಗೇ ಆಗ್ತೈತೆ” ಅಂದಳು. ಆಮೇಲೆ ಫೋನ್ ವಾಪಸ್ ಕೊಡದೆ ಬೆರಳಿನಿಂದ ದೊಡ್ಡದು ಮಾಡ್ಕೊಂಡು ನೋಡ್ತಾನೇ ಇದ್ದಳು.